ಪೂರ್ವಕ್ಕೆ ಬಾಯಿ ತೆರೆದ ಡಿಶ್ಶು

ಹೌದು, ನಮ್ಮ ಮನೆಯಲ್ಲಿ ಚೀನೀ ಚಾನೆಲ್ ನೋಡುತ್ತೇವೆ. ಬೇರೆಯವರು ನಿಮ್ಮ ಕಿವಿಗೆ ಹಾಕುವ ಮೊದಲು ನಾನೇ ಹೇಳಿಬಿಡುತ್ತೇನೆ. ಆದೋನಿಯಲ್ಲಿ ನಮ್ಮ ಓಣಿಗೆ ಬಂದು ಹತ್ತಿ ವ್ಯಾಪಾರದವರ ಮನೆ ಯಾವುದು ಎಂದು ಕೇಳಿದರೆ, "ಆ ಚೀನಾ ಡಿಶ್ ಮನೀನಾ?" ಎಂದು ಮರುಪ್ರಶ್ನೆ ಹಾಕಿ ಕೈ ತೋರಿಸುತ್ತಾರೆ. ತೋರಿಸುವಾಗ ಒಂದು ನಗೆಯನ್ನೂ ಪುಕ್ಕಟೆ ಸೇರಿಸಿ ಕೊಡುತ್ತಾರೆ. ನಗಲಿ. ನಮ್ಮ ಮಾಳಿಗೆ, ನಮ್ಮ ಡಿಶ್ಶು, ನಮ್ಮ ಕಣ್ಣು.

ನಿಮಗೆ ಚೀನೀ ಭಾಷೆ ಬರುತ್ತದೆಯೇ ಎಂದು ಕೇಳುತ್ತಾರೆ. ಒಂದಕ್ಷರವೂ ಬರುವುದಿಲ್ಲ. ಹೋಗಲಿ, ಕಲಿಯುವ ಆಸೆಯಾದರೂ ಇದೆಯೇ? ಇಲ್ಲ. ಮತ್ತೆ ಯಾಕೆ ನೋಡುತ್ತೀರಿ? ಈ ಕೊನೆಯ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಕೂತುಕೊಳ್ಳಿ, ಮಂಡಕ್ಕಿ ಒಗ್ಗರಣೆ ಹಾಕಿದ್ದೇನೆ, ತಿನ್ನುತ್ತ ಕೇಳಿ.

ನಾನು ಹೊಳಗುಂದದವಳು. ನಕಾಶೆಯಲ್ಲಿ ನೋಡಿದರೆ ನಮ್ಮೂರು ಆಂಧ್ರ, ಕಟ್ಟೆಯ ಮೇಲೆ ಕೂತು ಕೇಳಿದರೆ ಕನ್ನಡ. ನಾನು ಓದಿದ್ದೂ ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಆದೋನಿಗೆ ಬಂದೆ. ನಮ್ಮವರು ಬೆಳಿಗ್ಗೆ ಹತ್ತಿ ಯಾರ್ಡಿಗೆ ಹೋದರೆ ಸಂಜೆ ಮೀಸೆಗೆ ಅರಳೆ ಅಂಟಿಸಿಕೊಂಡು ಬರುವವರು. ಅವರೂ ಅತ್ತೆಯೂ ಕನ್ನಡದವರೇ. ಆದರೆ ಯಾರ್ಡಿನಲ್ಲಿ ತೆಲುಗು, ಅಂಗಡಿಯಲ್ಲಿ ತೆಲುಗು, ಬೀಗರ ಮನೆಯಲ್ಲಿ ತೆಲುಗು. ದಿನವೆಲ್ಲ ಆಡಿದ ಮಾತನ್ನು ಹೊಸ್ತಿಲಲ್ಲಿ ಚಪ್ಪಲಿ ಜೊತೆ ಬಿಟ್ಟು ಬರಲು ಯಾರಿಗಾದರೂ ಆಗುತ್ತದೆಯೇ? ತೆಲುಗಿನ ಮೇಲೆ ನನಗೇನೂ ಸಿಟ್ಟಿಲ್ಲ. ತರಕಾರಿಯವಳ ಜೊತೆ ನಾನು ತೆಲುಗಿನಲ್ಲೇ ಜಗಳ ಆಡುತ್ತೇನೆ, ಬಹಳ ಸಲ ಗೆಲ್ಲುತ್ತೇನೆ ಕೂಡ.

ಸಿಟ್ಟು ಬಂದದ್ದು ಬೇರೆ ಕಡೆಯಿಂದ. ನನ್ನ ಮಗಳು ಶೈಲಾ ಆಗ ಚಿಕ್ಕ ಕ್ಲಾಸಿನಲ್ಲಿದ್ದಳು. ಪಕ್ಕದ ಮನೆಯ ಹರಿಣಿ ಅವಳ ಗೆಳತಿ, ತೆಲುಗಿನವಳು. ಒಂದು ದಿನ ಇಬ್ಬರೂ ಆಡಿ ದಣಿದು ಬಂದಾಗ ನಾನು, "ಬರ್ರೆವ್ವಾ, ಕೈಕಾಲು ತೊಳ್ಕೊಂಡು ಏನರ ತಿನ್ರಿ" ಎಂದೆ. ಶೈಲಾ ಸರಸರನೆ ಅಡುಗೆಮನೆಗೆ ಬಂದು ನನ್ನ ಸೆರಗು ಜಗ್ಗಿದಳು.

"ಅಮ್ಮಾ, ಹರಿಣಿ ಎದುರಿಗೆ ಕನ್ನಡ ಮಾತಾಡಬ್ಯಾಡ. ನಂಗ ನಾಚಿಕಿ ಆಗ್ತೈತಿ."

ಅದನ್ನು ಹೇಳಿದ್ದು ಕನ್ನಡದಲ್ಲೇ, ಪಾಪ. ಬೇರೆ ಯಾವುದರಲ್ಲಿ ಹೇಳಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ. ಹರಿಣಿಗೆ ತೆಲುಗಿನಲ್ಲಿ ಉಪಚಾರ ಮಾಡಿದೆ, ಮುಂದೆಯೂ ಹಾಗೇ ಮಾಡಿಕೊಂಡು ಬಂದೆ. ಆದರೆ ರೊಟ್ಟಿ ಬಡಿಯುವಾಗ ಕೈ ಜೋರಾಗಿಯೇ ಬೀಳುತ್ತಿತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸಿಗೆ ನನ್ನ ಮಾತು ನಾಚಿಕೆಯಾದರೆ ನಾನು ಈ ಮನೆಯಲ್ಲಿ ಯಾರ ಜೊತೆ ಬದುಕಬೇಕು? ನಾನು ಬೈದರೆ ಅವಳಿಗೆ ಕನ್ನಡದ ಮೇಲೆ ಮನಸ್ಸು ಬರುವುದಿಲ್ಲ, ಟೀವಿಯಲ್ಲಿ ಬಂದರೆ ಬಂದೀತು ಎಂದು ಲೆಕ್ಕ ಹಾಕಿದೆ. ಮಕ್ಕಳು ತಾಯಿಗಿಂತ ಟೀವಿಯ ಮಾತು ಹೆಚ್ಚು ಕೇಳುವ ಕಾಲ.

ಕೇಬಲ್ಲಿನವನನ್ನು ಕೇಳಿದರೆ, "ಅಕ್ಕಾ, ಇಕ್ಕಡ ಕನ್ನಡಂ ಎವರು ಚೂಸ್ತಾರು?" ಎಂದ. ಇಲ್ಲಿ ಕನ್ನಡ ಯಾರು ನೋಡುತ್ತಾರಂತೆ! ನಾನು ಅವನೆದುರಿಗೇ ನಿಂತಿದ್ದೆ. ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವ ಪುಟ್ಟ ಡಿಶ್ಶು ಹಾಕಿಸೋಣವೆಂದರೆ ನಮ್ಮವರು ಒಪ್ಪಲಿಲ್ಲ. ತಿಂಗಳಿಗೊಮ್ಮೆ ಬಾಗಿಲು ತಟ್ಟುವ ಯಾವ ಖರ್ಚನ್ನೂ ಅವರು ಮನೆಯೊಳಗೆ ಸೇರಿಸುವವರಲ್ಲ. ಆಗ ಸಿಕ್ಕವನು ಮಸ್ತಾನ್. ನಮ್ಮ ಫ್ರಿಜ್ಜು, ಮಿಕ್ಸಿ, ಟೀವಿ ಎಲ್ಲದಕ್ಕೂ ಅವನೇ ಡಾಕ್ಟರು. ಮಂತ್ರಾಲಯದ ಒಂದು ಲಾಡ್ಜಿನ ಮೇಲೆ ಹಳೆಯ ಕಾಲದ ದೊಡ್ಡ ಡಿಶ್ಶೊಂದು ಸುಮ್ಮನೆ ಬಿದ್ದಿದೆ, ತಂದು ನಿಲ್ಲಿಸಿದರೆ ಕೆಲವು ಕನ್ನಡ ಚಾನೆಲ್ಲು ಜೀವಮಾನವೆಲ್ಲ ಪುಕ್ಕಟೆ ಎಂದ. ಪುಕ್ಕಟೆ ಎಂಬ ಮಾತು ಕೇಳಿ ನಮ್ಮವರೇ ಟೆಂಪೋ ಮಾಡಿ ಕಳಿಸಿದರು.

ಡಿಶ್ಶು ಬಂತು. ಅದರಲ್ಲಿ ಕೂತು ಮದುಮಕ್ಕಳು ಎಣ್ಣೆ ಹಚ್ಚಿಸಿಕೊಳ್ಳಬಹುದು, ಅಷ್ಟು ದೊಡ್ಡದು. ಮಸ್ತಾನ್ ಮಾಳಿಗೆಯ ಮೇಲೆ ಕಂಬ ನೆಟ್ಟು, ಬೋಲ್ಟು ಹಾಕಿ, ಆಕಾಶ ನೋಡಿ, ಕಾಂಪಾಸು ನೋಡಿ ಅದನ್ನು ತಿರುಗಿಸಿ ನಿಲ್ಲಿಸಿದ. ಅಷ್ಟರಲ್ಲಿ ಅತ್ತೆ ಮೆಟ್ಟಿಲು ಹತ್ತಿ ಬಂದರು. ನಮ್ಮತ್ತೆ ಮಾಳಿಗೆಗೆ ಬರುವುದು ಹಪ್ಪಳ ಒಣಹಾಕಲು, ಇಲ್ಲವೇ ಯಾರದಾದರೂ ಕೆಲಸ ನಿಲ್ಲಿಸಲು.

"ಇದರ ಬಾಯಿ ಯಾವ ಕಡಿ ಐತೋ?" ಎಂದರು.

"ದಕ್ಷಿಣಕ್ಕ ಅಮ್ಮಾ. ಕನ್ನಡದ ಸ್ಯಾಟಲೈಟು ಆ ಕಡೀನೇ ಐತಿ," ಎಂದ ಮಸ್ತಾನ್.

"ದಕ್ಷಿಣಕ್ಕಾ! ಆ ಕಡಿ ಕುಂತಾಂವ ಯಮ. ಇಷ್ಟು ದೊಡ್ಡ ಬಾಯಿ ತಕ್ಕೊಂಡು ಅವನ್ನ ಮನಿಗೆ ಕರೀತೀಯೇನು? ಪೂರ್ವಕ್ಕ ತಿರುಗ್ಸು."

"ಪೂರ್ವಕ್ಕ ತಿರುಗ್ಸಿದ್ರ ಕನ್ನಡ ಬರಂಗಿಲ್ಲ ಅಮ್ಮಾ."

"ಸೂರ್ಯ ಬರಾ ದಿಕ್ಕಿನಾಗ ಕನ್ನಡ ಬರಂಗಿಲ್ಲಾ? ಯಾರಿಗೆ ಹೇಳ್ತೀ? ತಿರುಗ್ಸು."

ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ದಿಕ್ಕು ಮುಹೂರ್ತ ಎಲ್ಲ ನಮಗೆ ಹೇಳಿಸಿದ್ದಲ್ಲ ಎಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಆದರೆ ಹತ್ತಿ ವ್ಯಾಪಾರದ ಮನೆಗಳಲ್ಲಿ ಆ ಮಾತು ಪ್ರವಚನದ ದಿನಕ್ಕೆ ಸೀಮಿತ. ಉಳಿದ ದಿನ ಗಲ್ಲಾಪೆಟ್ಟಿಗೆಯಿಂದ ಹಿಡಿದು ನೀರಿನ ಟ್ಯಾಂಕಿನವರೆಗೆ ಎಲ್ಲವೂ ವಾಸ್ತು ಪ್ರಕಾರವೇ ಮಲಗಬೇಕು, ವಾಸ್ತು ಪ್ರಕಾರವೇ ಏಳಬೇಕು. ನಮ್ಮವರು ತಾಯಿಯ ಮಾತಿಗೆ ತಲೆಯಾಡಿಸಿದರು. ಮಸ್ತಾನನಿಗೆ ಹಸಿವಾಗಿತ್ತು. ಡಿಶ್ಶನ್ನು ಪೂರ್ವಕ್ಕೆ ತಿರುಗಿಸಿ, ಸ್ವಲ್ಪ ಬಗ್ಗಿಸಿ, ಸ್ವಲ್ಪ ಎತ್ತಿ, "ಏನರ ಬರ್ತೈತಿ ನೋಡ್ರಿ" ಎಂದ.

ಬಂತು. ನಾವೆಲ್ಲ ಟೀವಿಯ ಮುಂದೆ ನಿಂತಿದ್ದೆವು. ಕೋಟು ಹಾಕಿದ ಒಬ್ಬ ಗಂಡಸು ಬಹಳ ಮರ್ಯಾದೆಯಿಂದ ಏನೋ ಓದುತ್ತಿದ್ದ. ಅವನ ಎದೆಯ ಕೆಳಗೆ ಚೌಕ ಚೌಕ ಅಕ್ಷರಗಳು ಓಡುತ್ತಿದ್ದವು. ಅತ್ತೆ ಬಹಳ ಹೊತ್ತು ಕಿವಿಗೊಟ್ಟು ಕೇಳಿ, "ಇದು ಯಾವ ಕಡಿ ಕನ್ನಡಲೇ?" ಎಂದರು.

"ಇದು ಚೀನಾ ಅಮ್ಮಾ," ಎಂದ ಮಸ್ತಾನ್, ನೆಲ ನೋಡುತ್ತ. "ಆದ್ರ ಪಿಚ್ಚರ್ ಮಸ್ತ್ ಐತಿ, ಹೌದಿಲ್ಲ?"

ಆಗಲೇ ಮತ್ತೆ ತಿರುಗಿಸಿಬಿಡಬಹುದಿತ್ತು. ಅದಕ್ಕೆ ಅಡ್ಡ ಬಂದದ್ದು ಕೇಬಲ್ಲಿನವನು. ಬೈಕು ನಿಲ್ಲಿಸಿ, ಕಿಟಕಿಯಲ್ಲಿ ಇಣುಕಿ, "ಏಂ ಸಾರ್, ಕನ್ನಡಂ ವಚ್ಚಿಂದಾ?" ಎಂದು ಹಲ್ಲು ಕಿರಿದ. ಕನ್ನಡ ಬಂತೇ ಎಂಬ ಕುಚೋದ್ಯ. ನಮ್ಮವರು ಎದೆ ಮುಂದೆ ಮಾಡಿ, "ಕನ್ನಡ ಯಾರಿಗೆ ಬೇಕಾಗಿತ್ತು? ನಾವು ಚೀನಾನೇ ಹಾಕ್ಸೀವಿ. ನಿನ್ನ ಕೇಬಲ್ಲಿನಾಗ ಬರ್ತೈತೇನು?" ಎಂದುಬಿಟ್ಟರು. ಇಷ್ಟು ಹೇಳಿದ ಮೇಲೆ ಹಿಂದೆ ಸರಿಯುವ ದಾರಿ ಅವರಿಗಿರಲಿಲ್ಲ. ಅತ್ತೆಗೆ ದಕ್ಷಿಣ ಬೇಡ, ಮಗನಿಗೆ ಕೇಬಲ್ಲಿನವನ ಮುಂದೆ ಮುಖಭಂಗ ಬೇಡ. ನನಗೆ ಏನು ಬೇಕಿತ್ತು ಎಂಬುದು ಇಬ್ಬರಿಗೂ ನೆನಪಿರಲಿಲ್ಲ.

ನನಗೂ ರೇಗಿತು. ಅಡುಗೆ ಕೆಟ್ಟ ದಿನ ಅದನ್ನು ಎಲ್ಲರಿಗಿಂತ ಮೊದಲು ಬಡಿಸಿಕೊಂಡು, ಪೂರ್ತಿ ಉಂಡು ಏಳುವ ಹೆಂಗಸು ನಾನು. ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸಂಜೆಯಾದರೆ ಟೀವಿ ಹಾಕಿ, ಸೌಂಡು ಏರಿಸಿ, ನಡುಮನೆಯಲ್ಲಿ ಕೂತು ಚೀನಾ ನೋಡಿದೆ. ಯಾರಾದರೂ ಕಿವಿ ಮುಚ್ಚಿಕೊಂಡರೆ ಇನ್ನಷ್ಟು ಏರಿಸಿದೆ. ನೀವು ಕೊಟ್ಟದ್ದನ್ನೇ ನೋಡುತ್ತಿದ್ದೇನೆ, ನೀವೂ ನೋಡಿ!

ಹಟದಿಂದ ನೋಡಿದರೂ ಕಣ್ಣು ಕಣ್ಣೇ ತಾನೆ. ಒಂದು ಚಾನೆಲ್ಲಿನಲ್ಲಿ ಸದಾ ಅಡುಗೆ. ಇನ್ನೊಂದರಲ್ಲಿ ಮುಗಿಯದ ಹುಲ್ಲುಗಾವಲಿನಲ್ಲಿ ಕುರಿಗಳು. ನಮ್ಮ ಹೊಳಗುಂದದ ಕುರಿಗಳಿಗಿಂತ ಮೈಕೈ ತುಂಬಿಕೊಂಡಿದ್ದವು, ಕಾಯುವವನು ಮಾತ್ರ ನಮ್ಮವನ ಹಾಗೆಯೇ ಕೋಲಿನ ಮೇಲೆ ಗದ್ದ ಊರಿ ನಿಂತಿದ್ದ. ಒಂದು ಸಂಜೆ ಹತ್ತಿ ಬಿಡಿಸುವುದನ್ನು ತೋರಿಸಿದರು. ನಮ್ಮವರು ಕೈಯಲ್ಲಿನ ಚಹಾ ಆರುವವರೆಗೆ ನಿಂತರು. ಟೀವಿಯ ಗಾಜಿನ ಹತ್ತಿರ ಮುಖ ಒಯ್ದು, "ಎಳಿ ಉದ್ದ ಐತಿ. ಆದ್ರ ಕಸ ಭಾಳ ಐತಿ" ಎಂದು ಚೀನಾದ ಹತ್ತಿಗೆ ದರ ಇಳಿಸಿದರು. ಮುಟ್ಟದೆ ಹತ್ತಿಯನ್ನು ಹೀಗಳೆದದ್ದು ಅವರ ಜನ್ಮದಲ್ಲಿ ಅದೇ ಮೊದಲು.

ಆಮೇಲೆ ಒಂದು ಸಂಜೆ ಅವರ ಹಳೆಯ ನಾಟಕ ಬಂತು. ಏನು ಹೇಳಲಿ! ಮುಖಕ್ಕೆ ಕೆಂಪು, ಕಪ್ಪು, ಬಿಳಿ ಬಣ್ಣ, ತಲೆಯ ಮೇಲೆ ಕಿರೀಟ, ಬೆನ್ನಿಗೆ ಬಾವುಟ. ತಾಳ ಬಡಿದ ಕೂಡಲೇ ವೇಷಧಾರಿ ನೆಲ ಒದ್ದು ಸುತ್ತು ಹಾಕಿ ಕಣ್ಣು ಕೆರಳಿಸಿ ನಿಂತ. ಜೋಳ ಆರಿಸುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು.

"ಏ, ಇದು ದೊಡ್ಡಾಟ ಅಲ್ಲೇನೆ!"

ನಮ್ಮಪ್ಪ ಹೊಳಗುಂದದಲ್ಲಿ ದೊಡ್ಡಾಟ ಕಲಿಸುತ್ತಿದ್ದರು. ಶೇಂಗಾ ಕಿತ್ತು ಮುಗಿದ ಮೇಲೆ ನಮ್ಮ ಅಂಗಳದಲ್ಲಿ ತಾಲೀಮು ನಡೆಯುತ್ತಿತ್ತು. ಹಗಲೆಲ್ಲ ಎತ್ತಿಗೆ ಬೈದ ಬಾಯಿಗಳು ಸಂಜೆ ರಾಜರ ಮಾತು ಆಡುತ್ತಿದ್ದವು. ನಾನು ಕಂಬ ಒರಗಿ ಕೂತು ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ಹೆಣ್ಣುಮಕ್ಕಳಿಗೆ ವೇಷ ಇರಲಿಲ್ಲ, ಇದ್ದಿದ್ದರೆ ಅರ್ಧ ಊರನ್ನು ನಾನೇ ಗದೆಯಿಂದ ಬಡಿದು ಮಲಗಿಸುತ್ತಿದ್ದೆ. ದೊಡ್ಡಾಟ ನೋಡದವರಿಗೆ ಒಂದು ಮಾತು ಹೇಳಬೇಕು. ಅದರಲ್ಲಿ ಯಾರೇ ರಂಗಕ್ಕೆ ಬರಲಿ, ಸಾರಥಿ ಎಂಬುವನೊಬ್ಬ ಮೊದಲು ಅವರ ಹೆಸರು, ಊರು ಕೇಳುತ್ತಾನೆ. ರಾಜನಾದರೂ ಸರಿ, ರಾಕ್ಷಸನಾದರೂ ಸರಿ, ತಾನು ಯಾರೆಂದು ಸಾರಥಿಗೆ ಒಪ್ಪಿಸದೆ ಮುಂದಕ್ಕೆ ಆಟವಿಲ್ಲ.

ಆ ಸಂಜೆ ಅತ್ತೆ ಆ ಚೀನೀ ವೇಷಧಾರಿಯ ಕಡೆ ಕೈ ಚಾಚಿ ರಾಗವಾಗಿ ಕೇಳಿಬಿಟ್ಟರು: "ಭಲಾ! ಬಂದಂಥವರು ತಾವು ಧಾರು? ನಾಮಾಂಕಿತವೇನು?"

ಅತ್ತೆಗೆ ಇದು ಹೇಳಿ ಮಾಡಿಸಿದ ಪಾತ್ರ. ಮನೆಗೆ ಯಾರು ಬಂದರೂ ನೀರು ಕೊಡುವ ಮೊದಲು ಯಾವ ಊರು, ಯಾರ ಪೈಕಿ ಎಂದು ವಿಚಾರಿಸುವವರು. ಟೀವಿಯವನು ಉತ್ತರ ಕೊಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಲಟ್ಟಣಿಗೆ ಹಿಡಿದೇ ಎದ್ದು ನಿಂತು, ಅಪ್ಪನ ದನಿಯಲ್ಲಿ, "ಎಲೈ ಸಾರಥೀ, ನಾನು ಧಾರೆಂದರೆ ಈ ಚೀನಾ ಪಟ್ಟಣವನ್ನು ಆಳತಕ್ಕಂಥ ಮಹಾರಾಜ! ಹಸಿವಾಗಿ ಬಂದಿರುವೆನು, ರೊಟ್ಟಿ ಎಲ್ಲಿ?" ಎಂದೆ. ನಮ್ಮವರು ನಕ್ಕು ನಕ್ಕು ಕೆಮ್ಮಿದರು. ಅಷ್ಟರಲ್ಲಿ ಉದ್ದ ತೋಳಿನ ಅಂಗಿ ಬೀಸುತ್ತ ಒಂದು ಹೆಣ್ಣು ವೇಷ ಬಂತು. ಅತ್ತೆ ಮತ್ತೆ ಕೇಳಿದರು. ನಾನು ದಮ್ಮು ತೆಗೆದುಕೊಳ್ಳುತ್ತಿದ್ದೆ. ಮೂಲೆಯಲ್ಲಿ ತೆಲುಗು ಪಾಠ ಬರೆಯುತ್ತಿದ್ದ ಶೈಲಾ ತಲೆ ಎತ್ತದೆಯೇ ಸಣ್ಣ ದನಿಯಲ್ಲಿ ಅಂದಳು:

"ನಾನು ಪತ್ತಿಕೊಂಡದ ಟೊಮ್ಯಾಟೊ ಮಂಡಿ ಸಾವ್ಕಾರನ ಮಗಳು. ಈ ಚೀನಾ ರಾಜನ್ನ ಮದಿವಿ ಆಗಂಗಿಲ್ಲ. ಅವ ರೊಟ್ಟಿ ಭಾಳ ತಿಂತಾನ."

ಎಷ್ಟೋ ದಿನಗಳ ಮೇಲೆ ನನ್ನ ಮಗಳು ಯಾರೂ ಕೇಳದೆ, ತಾನಾಗಿ, ಅಷ್ಟುದ್ದ ಕನ್ನಡ ಆಡಿದ್ದಳು. ನನಗೆ ಖುಷಿಯೋ ಖುಷಿ. ತೋರಿಸಿಕೊಳ್ಳಲಿಲ್ಲ. ತೋರಿಸಿಕೊಂಡರೆ ಮಕ್ಕಳು ನಿಲ್ಲಿಸಿಬಿಡುತ್ತಾರೆ.

ಅಂದಿನಿಂದ ನಮ್ಮ ಮನೆಯಲ್ಲಿ ಆಟ ಶುರುವಾಯಿತು. ಟೀವಿಯಲ್ಲಿ ಯಾರು ಬಂದರೂ ಅತ್ತೆ ನಾಮಾಂಕಿತ ಕೇಳುತ್ತಾರೆ, ಯಾರಾದರೂ ಆ ಪಾತ್ರ ವಹಿಸಿಕೊಂಡು ಕನ್ನಡದಲ್ಲಿ ಮಾತು ಕಟ್ಟಬೇಕು. ಅತ್ತೆಯದೇ ಒಂದು ಕಾನೂನು ಇದೆ: ನಡುವೆ ತೆಲುಗು ಬಂದರೆ ಆ ಪಾತ್ರ ಸತ್ತಿತು, ಅದು ಬೇರೆಯವರ ಪಾಲು. ನಮ್ಮವರ ಕೈಯಲ್ಲಿ ಎಷ್ಟೋ ಚಕ್ರವರ್ತಿಗಳು ಸಿಂಹಾಸನ ಹತ್ತುವ ಮೊದಲೇ ಸತ್ತಿದ್ದಾರೆ. ವಾರ್ತೆ ಓದುವ ಕೋಟಿನವನು ನಮ್ಮಲ್ಲಿ ಬೀಗರ ಮೇಲೆ ಚಾಡಿ ಹೇಳುವವನು. ಹವಾಮಾನದ ಹುಡುಗಿ ಸೊಸೆಗೆ ಬೈಯುವ ಅತ್ತೆ. ಆ ಪಾತ್ರ ಸದಾ ನನ್ನದು, ಯಾಕೆ ಎಂದು ಅತ್ತೆಗೂ ಗೊತ್ತು. ಶೈಲಾ ನಮ್ಮೆಲ್ಲರನ್ನೂ ಮೀರಿಸಿದಳು. ಮಾತು ಸಾಲದೆ ಬಂದಾಗ ಅಡುಗೆಮನೆಗೆ ಓಡಿ ಬಂದು, "ಅಮ್ಮಾ, ಇದಕ್ಕ ಕನ್ನಡದಾಗ ಏನಂತಾರ?" ಎಂದು ಕೇಳುತ್ತಿದ್ದಳು. ಆದರೆ ಇದೆಲ್ಲ ಬಾಗಿಲು ಮುಚ್ಚಿದ ಮೇಲೆ. ಹರಿಣಿ ಬಂದರೆ ಟೀವಿ ಬಂದ್, ಕನ್ನಡ ಬಂದ್. ಆ ಒಂದು ಮುಳ್ಳು ನನಗೆ ಹಾಗೇ ಇತ್ತು.

ನಡುನಡುವೆ ದೇಶಭಕ್ತಿಯ ಪಾಠ ಹೇಳಲು ಬಂದವರೂ ಇದ್ದರು. ನಮ್ಮವರ ದೂರದ ನೆಂಟರೊಬ್ಬರು, "ಗಡಿಯಾಗ ಅವರು ನಮ್ಮ ಮ್ಯಾಲ ಬರ್ತಾರ, ನೀವು ಮನ್ಯಾಗ ಅವರ ಚಾನಲ್ ನೋಡ್ತೀರಿ. ಮರ್ಯಾದಿ ಐತೇನು?" ಎಂದು ಗುಡುಗಿದರು. ಆಗ ಪರದೆಯ ಮೇಲಿದ್ದ ಚೀನಾದ ಸೇನಾಪತಿಯನ್ನು ನಮ್ಮತ್ತೆ ಹೊಳಗುಂದದ ಸಂತೆಯಲ್ಲಿ ಬದನೆಕಾಯಿ ಮಾರಲು ಕೂರಿಸಿದ್ದರು. ಇದಕ್ಕಿಂತ ದೊಡ್ಡ ದಾಳಿಯನ್ನು ಯಾವ ದೇಶದ ಮೇಲೆ ಯಾರು ಮಾಡಿದ್ದಾರೆ, ನೀವೇ ಹೇಳಿ. ನೆಂಟರಿಗೆ ಚಹಾ ಕೊಟ್ಟು ಕಳಿಸಿದೆ, ಟೀವಿ ಆರಿಸಲಿಲ್ಲ.

ಹೀಗೇ ಎಷ್ಟೋ ವರ್ಷ ಕಳೆದು, ಹೋದ ಬೇಸಿಗೆಯಲ್ಲಿ ನಿಜವಾದ ಗಂಡಾಂತರ ಬಂತು. ಪೂರ್ವದ ಪಕ್ಕದ ಮನೆಯ ರಂಗಯ್ಯನವರು, ಹರಿಣಿಯ ತಂದೆ, ಎಣ್ಣೆ ವ್ಯಾಪಾರದವರು, ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸಿದರು. ವಾಸ್ತು ನೋಡಲು ಬಂದವನು ಕಿಟಕಿ ತೆಗೆದರೆ ಎದುರಿಗೇ ನಮ್ಮ ಡಿಶ್ಶು! ಇಷ್ಟು ದೊಡ್ಡ ಬಾಯಿ ಮನೆಯ ಮೇಲೆ ಬಿದ್ದರೆ ಐಶ್ವರ್ಯವೆಲ್ಲ ನುಂಗಿಹಾಕುತ್ತದೆ ಎಂದನಂತೆ. ನಮ್ಮತ್ತೆಯ ವಾಸ್ತುವಿಗೆ ರಂಗಯ್ಯನವರ ವಾಸ್ತು ಇದಿರಾಯಿತು. ಒಂದು ಬೆಳಿಗ್ಗೆ ರಂಗಯ್ಯನವರು ಮಗಳನ್ನು ಕರೆದುಕೊಂಡು ನಮ್ಮ ಮಾಳಿಗೆಗೇ ಬಂದರು. ನಮ್ಮವರು ಮಸ್ತಾನನನ್ನು ಕರೆಸಿಟ್ಟಿದ್ದರು. ಅಂದರೆ ಗಂಡಸರು ಮೊದಲೇ ಮಾತಾಡಿಕೊಂಡಿದ್ದರು.

"ಒದಿನಾ, ಕೊಂಚೆಂ ದಕ್ಷಿಣಂ ವೈಪು ತಿಪ್ಪಿಂಚಂಡಿ, ಅಂತೇ," ಎಂದರು ರಂಗಯ್ಯನವರು ನನಗೆ. ದಕ್ಷಿಣಕ್ಕೆ ತಿರುಗಿಸಿದರೆ ಸಾಕಂತೆ.

"ದಕ್ಷಿಣಕ್ಕ ಹೋದ್ರ ಸೀದಾ ಕನ್ನಡಾನೇ ಅಕ್ಕಾ," ಎಂದ ಮಸ್ತಾನ್ ಉತ್ಸಾಹದಿಂದ. "ಅವತ್ತೇ ಹೇಳಿದ್ದಿಲ್ಲಾ ನಾನು?"

ನಾನು ಅತ್ತೆಯ ಮುಖ ನೋಡಿದೆ. ಯಮನ ಹೆಸರೆತ್ತಿ ಅವರಾದರೂ ತಡೆದಾರೆಂದು ನಂಬಿದ್ದೆ. ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟರು.

"ತಿರುಗಿಸ್ಲಿ ಬಿಡವಾ. ಯಮಗ ನಮ್ಮ ಮನಿ ಗುರ್ತು ಹೇಳಾಕ ಡಿಶ್ಶೇ ಬೇಕಂತೇನಿಲ್ಲ. ನಿನ್ನ ಕನ್ನಡ ನಾನು ತಪ್ಪಿಸಿದೆ. ಈಗರ ನೋಡು."

ಅವರು ಪ್ರೀತಿಯಿಂದಲೇ ಹೇಳಿದ್ದರು. ಅದಕ್ಕೇ ನನಗೆ ಇನ್ನೂ ಕಷ್ಟವಾಯಿತು. ನಾನು ಆಸೆಪಟ್ಟದ್ದನ್ನೇ ಎಲ್ಲರೂ ಸೇರಿ ಕೈಗೆ ಕೊಡುತ್ತಿದ್ದರು. ನನ್ನ ಬಾಯಲ್ಲಿ ಮಾತ್ರ "ತಿರುಗಿಸಬ್ಯಾಡ" ಎಂದು ಬಂತು.

"ಯಾಕ?" ಎಂದರು ನಮ್ಮವರು. ಸಂತೆಯಲ್ಲಿ ಜಗಳವಾಡುವ ಬಾಯಿ ಅಂದು ಕಟ್ಟಿತು. "ನನಗ ಬ್ಯಾಡ ಅಂದ್ರ ಬ್ಯಾಡ," ಎಂದೆ, ಸಣ್ಣ ಮಕ್ಕಳ ಹಾಗೆ. ನಮ್ಮವರು ರಂಗಯ್ಯನವರ ಮುಂದೆ ನಾಚಿಕೊಂಡು, "ಕನ್ನಡ ಕನ್ನಡ ಅಂತ ಅತ್ತಾಕಿ ಈಕೀನೇ. ಮಸ್ತಾನ್, ನೀ ಬಿಚ್ಚೋ" ಎಂದರು. ಮಸ್ತಾನ್ ಪಾನಾ ಹಾಕಿ ತಿರುವಿದ. ಬಿಸಿಲು ಮಳೆ ಕಂಡ ಬೋಲ್ಟು ಕಿರ್ರೆಂದು ಸಡಿಲವಾಯಿತು.

"ಮಸ್ತಾನಣ್ಣಾ, ಕೈ ತೆಗಿ!"

ಶೈಲಾ. ಈಗವಳು ಇಂಟರ್, ಅಂದರೆ ನಿಮ್ಮ ಪೀಯೂಸಿ, ಓದುತ್ತಾಳೆ, ನನಗಿಂತ ಎತ್ತರ. ಹರಿಣಿ ಪಕ್ಕದಲ್ಲಿ ನಿಂತಿದ್ದವಳು ನೇರ ಬಂದು ಡಿಶ್ಶಿನ ಅಂಚನ್ನು ಹಿಡಿದುಕೊಂಡಳು. ಹುಟ್ಟಿದಾಗಿನಿಂದ ರಂಗಯ್ಯನವರ ಜೊತೆ ತೆಲುಗು ಬಿಟ್ಟು ಬೇರೆ ಆಡಿದವಳಲ್ಲ. ಅಂದು ಅವರ ಕಡೆ ತಿರುಗಿ ಕನ್ನಡದಲ್ಲೇ ಶುರುಮಾಡಿದಳು.

"ಅಂಕಲ್, ಇದು ಯಾರ ಮನೀನೂ ನುಂಗಂಗಿಲ್ಲ. ನಿಮಗ ಅಂಜಿಕಿ ಇದ್ರ ನಿಮ್ಮ ಕಿಟಿಕಿಗೆ ಪರದೆ ಹಾಕ್ರಿ. ಅಪ್ಪಾ, ನೀನೂ ಕೇಳು. ಇದರಾಗ ಕನ್ನಡ ಬಂದ್ರ ಅದೇ ಮಾತಾಡ್ತೈತಿ, ನಾವು ಸುಮ್ಮನ ಕುಂತು ಕೇಳ್ತೀವಿ. ಈಗ ಅದಕ್ಕ ನಮ್ಮ ಮಾತು ಬರಂಗಿಲ್ಲ, ಹಂಗಾಗಿ ನಾವೇ ಮಾತಾಡ್ತೀವಿ. ಅಮ್ಮ ಬ್ಯಾಡ ಅಂದಾಳ ಅಂದ್ರ ಬ್ಯಾಡ."

ನನ್ನ ಎದೆಯಲ್ಲಿದ್ದು ಬಾಯಿಗೆ ಬಾರದ್ದನ್ನು ಅವಳು ಒಂದೂ ಬಿಡದೆ ಹೇಳಿದ್ದಳು. ರಂಗಯ್ಯನವರು ಒಮ್ಮೆ ಡಿಶ್ಶನ್ನು, ಒಮ್ಮೆ ಶೈಲಾಳನ್ನು ನೋಡಿ, "ಸರೇಲೇಮ್ಮಾ, ದಿಷ್ಟಿಬೊಮ್ಮ ಪೆಟ್ಟುಕುಂಟಾನು" ಎಂದರು. ದೃಷ್ಟಿಬೊಂಬೆ ಕಟ್ಟಿಕೊಳ್ಳುತ್ತಾರಂತೆ, ಕಟ್ಟಿಕೊಳ್ಳಲಿ. ಹರಿಣಿ ಮಾತ್ರ ಬೆರಗಾಗಿ ಗೆಳತಿಯನ್ನೇ ನೋಡುತ್ತಿದ್ದಳು.

"ಶೈಲೂ, ನೀಕು ಕನ್ನಡಂ ಇಂತ ಬಾಗಾ ವಸ್ತುಂದಾ?"

ಇಷ್ಟು ಚೆನ್ನಾಗಿ ಕನ್ನಡ ಬರುತ್ತದೆಯೇ ಎಂಬ ಪ್ರಶ್ನೆ. ನಾನು ಒಣಹಾಕಿದ್ದ ಹಪ್ಪಳ ಮಗುಚಿ ಹಾಕುವ ನೆಪದಲ್ಲಿ ಬಗ್ಗಿದೆ. ಈಗೇನು ಹೇಳುತ್ತಾಳೋ ಎಂದು ಕಿವಿ ಅತ್ತಲೇ ಇತ್ತು.

"ಬರ್ತೈತಿ," ಎಂದಳು ಶೈಲಾ, ಕನ್ನಡದಲ್ಲೇ. "ನಮ್ಮ ಮನಿ ಮಾತು ಅದು. ನಮ್ಮಮ್ಮಂದು."

ಮಸ್ತಾನ್ ಪಾನಾ ಹಿಡಿದುಕೊಂಡು ನಿಂತೇ ಇದ್ದ. "ಅಕ್ಕಾ, ಈಗ ನಾ ಏನ್ ಮಾಡ್ಲಿ?" ಎಂದು ಕೇಳಿದ. ನಾನು ಕಣ್ಣೊರೆಸಿಕೊಂಡು ಎದ್ದೆ. ನಮ್ಮವರ ಮುಖವನ್ನೂ ನೋಡಲಿಲ್ಲ, ಅತ್ತೆಯ ಮುಖವನ್ನೂ ನೋಡಲಿಲ್ಲ.

"ಬಿಚ್ಚಿದ ಬೋಲ್ಟು ಬಿಗಿ ಮಾಡು," ಎಂದೆ. "ಇನ್ನೊಮ್ಮೆ ಯಾರ ಕೈಲೂ ಬಿಚ್ಚಾಕ ಆಗಬಾರದು, ಹಂಗ ಮಾಡು."